ನೀಲದ ಉಂಗುರ, ನೀಲಿ ಟಾರ್ಪಾಲ್

ನನ್ನ ಬಲಗೈ ನಡುಬೆರಳಲ್ಲಿ ಒಂದು ನೀಲದ ಉಂಗುರ ಇದೆ. ಸ್ಕ್ರೀನ್ ಮೇಲೆ ನೀವು ನೋಡಿರುತ್ತೀರಿ. ಅದರ ಬಗ್ಗೆ ಬರುವ ಮೆಸೇಜುಗಳು ಒಂದೆರಡಲ್ಲ. "ಇಂಜಿನಿಯರಿಂಗ್ ಓದಿದವರು ನೀವು, ಇದನ್ನೆಲ್ಲ ನಂಬ್ತೀರಾ?" ಅಂತ ಕೆಲವರು. "ಎಲ್ಲಿ ತಗೊಂಡ್ರಿ, ಎಷ್ಟು ಕ್ಯಾರೆಟ್ಟು?" ಅಂತ ಇನ್ನು ಕೆಲವರು. ನಿಜ ಹೇಳ್ತೀನಿ, ಅದನ್ನು ಹಾಕಿಸಿದ್ದು ಅಮ್ಮ. "ಸಾಡೇಸಾತಿ ಶುರುವಾಗಿದೆ, ಒಂದು ನೀಲ ಹಾಕ್ಕೋ ಕಣೋ" ಅಂದ್ರು. ಅಮ್ಮನ ಮಾತು, ಹಾಕಿಕೊಂಡೆ. ಅಂಗಡಿಯವರು ಹರಳನ್ನು ದೀಪಕ್ಕೆ ಹಿಡಿದು "ಒರಿಜಿನಲ್ ಸಿಲೋನ್ ಸರ್" ಅಂದ್ರು. ನಾನೂ ಹೆಚ್ಚಿಗೆ ಕೇಳಲಿಲ್ಲ.

ಇವತ್ತಿನ ಮಾತು ನಂಬಿಕೆ ಬಗ್ಗೆ ಅಲ್ಲ. ಅದು ನಿಮ್ಮಿಷ್ಟ, ನನ್ನಮ್ಮನಿಷ್ಟ. ಬೆಳಗಾದರೆ ಟಿವಿಯಲ್ಲಿ ಯಾವ ರಾಶಿಗೆ ಯಾವ ಹರಳು, ಯಾವ ಬೆರಳಿಗೆ, ಯಾವ ವಾರ ಅಂತ ಎಲ್ಲವೂ ಬರುತ್ತೆ. ಆದರೆ ಆ ಹರಳನ್ನು ನೆಲದಿಂದ ತೆಗೆದವನು ನಿನ್ನೆ ರಾತ್ರಿ ಎಲ್ಲಿ ಮಲಗಿದ್ದ ಅನ್ನೋದು ಯಾವ ಕಾರ್ಯಕ್ರಮದಲ್ಲೂ ಬರಲ್ಲ. ನನ್ನ ಕಾರ್ಯಕ್ರಮದಲ್ಲೂ ಇಲ್ಲಿವರೆಗೆ ಬಂದಿರಲಿಲ್ಲ.

ಯಾಕೆ ಮನೆಯ ವಿಷಯ ಎತ್ತಿದೆ ಅಂತೀರಾ? ಹರಳಿನ ಬೆಲೆ ಹೇಳೋಕೆ ತಕ್ಕಡಿ ಇದೆ, ಸರ್ಟಿಫಿಕೇಟ್ ಇದೆ. ಆ ಬೆಲೆಯಲ್ಲಿ ಅಗೆದವನ ಕೈಗೆ ಎಷ್ಟು ಉಳಿಯಿತು ಅಂತ ಹೇಳೋ ತಕ್ಕಡಿ ಒಂದೇ. ಅವನ ಮನೆ. ಅದರ ಗೋಡೆ ಯಾವುದರದ್ದು, ಸೂರು ಯಾವುದರದ್ದು ನೋಡಿ. ಮಿಕ್ಕಿದ್ದೆಲ್ಲ ತಾನಾಗೇ ಗೊತ್ತಾಗುತ್ತೆ.

ನಲವತ್ತು ಜನರ ಊರು

ಮಡಗಾಸ್ಕರ್ ದ್ವೀಪ. ರಾಜಧಾನಿಯಿಂದ ನೈರುತ್ಯಕ್ಕೆ, ಕರಾವಳಿಯ ತುಲಿಯಾರಾ ಕಡೆಗೆ ಒಂದು ಹೆದ್ದಾರಿ ಹೋಗುತ್ತೆ. ಆ ದಾರಿಯಲ್ಲಿ ಇಲಕಾಕ ಅಂತ ಒಂದು ಊರು. 1998ಕ್ಕೆ ಮುಂಚೆ ಅದನ್ನು ಊರು ಅನ್ನೋದೇ ಕಷ್ಟ. ಕೆಲವೇ ಗುಡಿಸಲು, ನಲವತ್ತು ಜನರ ಲೆಕ್ಕ. ಸುತ್ತ ಒಣ ಹುಲ್ಲುಗಾವಲು. ದನ ಮೇಯಿಸುವ ಬಾರಾ ಜನಾಂಗದವರ ಸೀಮೆ ಅದು.

1998ರ ಕೊನೆಗೆ ಅಲ್ಲಿ ನೀಲಮಣಿ ಸಿಕ್ಕ ಸುದ್ದಿ ಹರಡಿತು. ಮುಂದಿನ ಕೆಲವೇ ವರ್ಷಗಳಲ್ಲಿ ಆ ರಸ್ತೆಯ ಎರಡೂ ಬದಿಗೆ ಹತ್ತಾರು ಸಾವಿರ ಜನ ಬಂದು ಕೂತರು. ದಕ್ಷಿಣದ ಬರಪೀಡಿತ ಸೀಮೆಯಿಂದ ಬಂದ ಆಂತಾಂಡ್ರಾಯ್ ಜನ ದೊಡ್ಡ ಸಂಖ್ಯೆಯಲ್ಲಿದ್ದರು. ಎಷ್ಟೋ ಸಂಸಾರಗಳು ಹೆಂಡತಿ ಮಕ್ಕಳ ಸಮೇತ ಬಂದವು. ಜಗತ್ತಿನ ನೀಲಮಣಿ ಮಾರುಕಟ್ಟೆಗೆ ಹೋಗುವ ಕಲ್ಲಿನಲ್ಲಿ ಒಂದು ದೊಡ್ಡ ಪಾಲು ಈ ಒಂದು ಸೀಮೆಯಿಂದಲೇ ಹೋಗತೊಡಗಿತು.

ಸ್ವಲ್ಪ ತಾಳಿ, ಇಲ್ಲಿ ನಮಗೂ ಸೇರಿದ ಒಂದು ವಿಷಯ ಇದೆ. ಮಡಗಾಸ್ಕರ್‌ನ ನೀಲಕ್ಕೂ ಶ್ರೀಲಂಕಾದ ನೀಲಕ್ಕೂ ಅಷ್ಟೊಂದು ಹೋಲಿಕೆ ಯಾಕೆ? ಸುಮಾರು 50 ಕೋಟಿ ವರ್ಷಗಳ ಹಿಂದೆ, ಈ ಹರಳುಗಳು ನೆಲದಾಳದ ಶಾಖ ಮತ್ತು ಒತ್ತಡದಲ್ಲಿ ಹುಟ್ಟುವಾಗ, ಮಡಗಾಸ್ಕರ್, ದಕ್ಷಿಣ ಭಾರತ, ಶ್ರೀಲಂಕಾ ಮೂರೂ ಒಂದೇ ಭೂಭಾಗದಲ್ಲಿ ಅಂಟಿಕೊಂಡಿದ್ದವು. ಆಮೇಲೆ ಬೇರೆಯಾದದ್ದು. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದೀರಲ್ಲ? ಅಲ್ಲಿ ಕಂಬ ನಿಲ್ಲಿಸಿದ ಹಾಗೆ ಇರುವ ಕಲ್ಲುಗಳು, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುವ ಕಾಲದ ಲಾವಾ. ಅಂದ್ರೆ ಹಳೇ ನೆಂಟರೇ. ಅದಕ್ಕೇ ಮಡಗಾಸ್ಕರ್ ಕಲ್ಲು "ಸಿಲೋನ್" ಅನ್ನುವ ಹೆಸರಲ್ಲಿ ಮಾರಾಟವಾಗೋದು ಸುಲಭ. ನನ್ನ ಉಂಗುರದ ಕಲ್ಲು ಎಲ್ಲಿಯದೋ, ನನಗಂತೂ ಈಗ ಅನುಮಾನ ಇದೆ.

ಬಾವಿಯೂ ಅಲ್ಲ, ಗಣಿಯೂ ಅಲ್ಲ

ಇಲಕಾಕದ ನೀಲ ಬಂಡೆಯೊಳಗಿಲ್ಲ. ಬಹಳ ಹಿಂದೆ ಹರಿದ ನದಿಗಳು ತಂದು ಹಾಕಿದ ಜಲ್ಲಿಯ ಪದರದಲ್ಲಿದೆ. ಆ ಪದರ ಕೆಲವು ಕಡೆ ಮೇಲೇ ಇದೆ, ಕೆಲವು ಕಡೆ ಹದಿನೈದು, ಇಪ್ಪತ್ತು ಮೀಟರ್ ಕೆಳಗೆ. ಅಲ್ಲಿಗೆ ಇಳಿಯೋಕೆ ಒಬ್ಬ ಆಳು ಹಿಡಿಸುವಷ್ಟೇ ಅಗಲದ ಗುಂಡಿ ತೋಡುತ್ತಾರೆ. ಕೈಯಲ್ಲಿ ಸಲಿಕೆ, ಹಾರೆ. ಮೇಲೆ ಮರದ ರಾಟೆ, ಹಗ್ಗ. ಹಗ್ಗ ಹಿಡಿದು ಒಬ್ಬ ಇಳಿಯುತ್ತಾನೆ, ಮೇಲಿದ್ದವರು ಮಣ್ಣಿನ ಚೀಲ ಎಳೆಯುತ್ತಾರೆ. ಗುಂಡಿಯ ಗೋಡೆಗೆ ಹೆಚ್ಚಿನ ಕಡೆ ಯಾವ ಆಸರೆಯೂ ಇಲ್ಲ.

ಒಳಗೆ ಉಸಿರಾಟಕ್ಕೆ ಏನು ಮಾಡ್ತಾರೆ ಗೊತ್ತಾ? ದೊಡ್ಡ ಪ್ಲಾಸ್ಟಿಕ್ ಚೀಲವನ್ನು ಗಾಳಿಗೆ ಒಡ್ಡಿ ತುಂಬಿಸುತ್ತಾರೆ. ಅದರ ಬಾಯಿಗೆ ಪ್ಲಾಸ್ಟಿಕ್ ಕೊಳವೆ ಕಟ್ಟಿ, ಚೀಲವನ್ನು ಹಿಂಡಿ ಗಾಳಿಯನ್ನು ಕೆಳಗೆ ತಳ್ಳುತ್ತಾರೆ. ಇದೇ ಅವರ ವೆಂಟಿಲೇಶನ್. ಅಲ್ಲಿನ ಮಳೆಗಾಲ ನವೆಂಬರ್‌ನಿಂದ ಮಾರ್ಚ್. ಮಣ್ಣು ನೀರು ಕುಡಿದಾಗ ಗುಂಡಿ ಕುಸಿಯುತ್ತೆ. ಒಳಗಿದ್ದವನ ಮೇಲೆ ಬೀಳೋದು ಟನ್‌ಗಟ್ಟಲೆ ಮಣ್ಣು.

ಮೇಲೆ ಬಂದ ಜಲ್ಲಿಯನ್ನು ಹೊಳೆಗೆ ಒಯ್ದು ಜರಡಿಯಲ್ಲಿ ತೊಳೆಯುತ್ತಾರೆ. ಈ ಕೆಲಸದಲ್ಲಿ ಹೆಂಗಸರೂ ಮಕ್ಕಳೂ ಇರುತ್ತಾರೆ. ಆ ಹೊಳೆಯಲ್ಲೇ ಬಟ್ಟೆ ಒಗೆಯೋದು, ಅದರಲ್ಲೇ ಸ್ನಾನ. ಎಷ್ಟೋ ಮನೆಗೆ ಕುಡಿಯುವ ನೀರೂ ಅದೇ ಹೊಳೆಯದ್ದು.

ಗುಡಿಸಲು ಯಾಕೆ ಗುಡಿಸಲಾಗೇ ಉಳಿಯುತ್ತೆ?

ಇನ್ನು ಮನೆಗೆ ಬರೋಣ. ನಾಲ್ಕು ಮರದ ಕಂಬ, ನಡುವೆ ಹಲಗೆ ಇಲ್ಲವೇ ಬೊಂಬಿನ ತಡಿಕೆ, ಮೇಲೆ ಹುಲ್ಲು ಅಥವಾ ತಗಡು. ಒಂದೇ ಕೋಣೆ. ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ. ಹೊಸ ಗುಂಡಿಗಳ ಪಕ್ಕದಲ್ಲಿ ಇಷ್ಟೂ ಇರಲ್ಲ, ಕೊಂಬೆ ಬಗ್ಗಿಸಿ ಮೇಲೆ ಪ್ಲಾಸ್ಟಿಕ್ ಹೊದಿಸಿದರೆ ಮುಗೀತು. ದೇಶದ ಪೂರ್ವದ ಮಳೆಕಾಡಿನಲ್ಲಿ, ದಿದಿ ಅನ್ನುವ ಊರಿನ ಆಚೆ, 2016ರಲ್ಲಿ ನೀಲ ಸಿಕ್ಕಿತು. ಆಗ ಸಂರಕ್ಷಿತ ಕಾಡಿನೊಳಗೆ ಹತ್ತಾರು ಸಾವಿರ ಜನ ನುಗ್ಗಿ ಕಟ್ಟಿಕೊಂಡದ್ದೂ ಇದೇ ಬಗೆಯ ಜೋಪಡಿಗಳನ್ನು. ಅಲ್ಲಿಗೆ ರಸ್ತೆಯೇ ಇಲ್ಲ, ಅಕ್ಕಿಯನ್ನೂ ಹೊತ್ತೇ ಒಯ್ಯಬೇಕು. ಹೊತ್ತು ತಂದ ಅಕ್ಕಿಗೆ ಪೇಟೆಯ ಬೆಲೆ ಇರುತ್ತಾ? ಸೂರಿಗೆ ಅಂತ ಉಳಿಯೋದು ಒಂದು ಟಾರ್ಪಾಲಿನ ದುಡ್ಡು.

"ಪಾಪ, ಬಡವರು, ಅದಕ್ಕೇ ಗುಡಿಸಲು" ಅಂತ ಹೇಳಿ ಮುಂದೆ ಹೋಗಬಹುದು. ಆದರೆ ಬಡವರು ಎಲ್ಲ ಕಡೆ ಇದ್ದಾರೆ. ನಮ್ಮ ಹಳ್ಳಿಯ ಬಡವನೂ ಹತ್ತು ವರ್ಷದಲ್ಲಿ ಒಂದು ಗೋಡೆ ಎಬ್ಬಿಸುತ್ತಾನೆ, ಇನ್ನೈದು ವರ್ಷಕ್ಕೆ ಶೀಟು ಹಾಕುತ್ತಾನೆ. ಇವರು ಯಾಕೆ ಎಬ್ಬಿಸಲ್ಲ? ಮೂರು ಕಾರಣ ಇದೆ.

ಮೊದಲನೇದು, ಕಲ್ಲು ಎಷ್ಟು ದಿನ ಸಿಗುತ್ತೆ ಅಂತ ಯಾರಿಗೂ ಗೊತ್ತಿಲ್ಲ. ನಾಳೆ ನೂರು ಕಿಲೋಮೀಟರ್ ಆಚೆ ಹೊಸ ಜಾಗ ಸಿಕ್ಕರೆ ರಾತ್ರೋರಾತ್ರಿ ಊರೇ ಎದ್ದು ಹೋಗುತ್ತೆ. ಹೊತ್ತುಕೊಂಡು ಹೋಗೋಕೆ ಆಗದ ಮನೆ ಕಟ್ಟಿ ಏನು ಉಪಯೋಗ?

ಎರಡನೇದು, ದುಡ್ಡಿನ ಲೆಕ್ಕ. ಎಷ್ಟೋ ಕಡೆ ಅಗೆಯುವವನಿಗೆ ಕೂಲಿ ಇಲ್ಲ. ಬಂಡವಾಳ ಹಾಕುವ ಒಬ್ಬ ಯಜಮಾನ ಅಕ್ಕಿ ಕೊಡುತ್ತಾನೆ, ಹಾರೆ ಸಲಿಕೆ ಕೊಡುತ್ತಾನೆ. ಕಲ್ಲು ಸಿಕ್ಕರೆ ಪಾಲು, ಸಿಗದಿದ್ದರೆ ಹೊಟ್ಟೆಗೆ ಹಾಕಿದ ಅಕ್ಕಿಯೇ ಸಂಬಳ. ಸಿಕ್ಕ ಕಲ್ಲಿನ ಬೆಲೆ ಕಟ್ಟೋದು ಕೊಳ್ಳುವವನು. ಇಲಕಾಕದ ಬೀದಿಯಲ್ಲಿ ಗಟ್ಟಿ ಗೋಡೆ, ಕಬ್ಬಿಣದ ಬಾಗಿಲು ಇರುವ ಕಟ್ಟಡ ಕಂಡರೆ ಅದು ಹೆಚ್ಚಾಗಿ ಹರಳಿನ ಅಂಗಡಿ. ಕೊಳ್ಳುವವರಲ್ಲಿ ಶ್ರೀಲಂಕಾದವರು, ಥಾಯ್ಲೆಂಡಿನವರು ಬಹಳ. ಒರಟು ಕಲ್ಲು ಅಲ್ಲಿಂದ ಥಾಯ್ಲೆಂಡಿಗೋ ಶ್ರೀಲಂಕಾಗೋ ಹೋಗುತ್ತೆ, ಸಾವಿರ ಡಿಗ್ರಿಗೂ ಮೀರಿದ ಶಾಖದಲ್ಲಿ ಬಣ್ಣ ತಿಳಿಯಾಗುತ್ತೆ, ಸಾಣೆ ಹಿಡಿಸಿಕೊಳ್ಳುತ್ತೆ. ಬೆಲೆ ಏರೋದೆಲ್ಲ ಗುಂಡಿ ಬಿಟ್ಟ ಮೇಲೆ.

ಮೂರನೇದು, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ಆ ನೆಲ ಅವನದ್ದಲ್ಲ. ಅಲ್ಲಿ ಅಗೆಯುವ ಬಹುಪಾಲು ಜನರ ಹತ್ತಿರ ಗಣಿಗೂ ಕಾಗದ ಇಲ್ಲ, ಮನೆಗೂ ಕಾಗದ ಇಲ್ಲ. ಯಾವತ್ತು ಬೇಕಾದರೂ ಎಬ್ಬಿಸಬಹುದು. ಎಬ್ಬಿಸುವ ಜಾಗದಲ್ಲಿ ಇಟ್ಟಿಗೆಗೆ ದುಡ್ಡು ಹಾಕುವ ದಡ್ಡ ಯಾರೂ ಇಲ್ಲ. ಟಾರ್ಪಾಲ್ ಅವನ ಬಡತನವಷ್ಟೇ ಅಲ್ಲ, ಅವನ ಲೆಕ್ಕಾಚಾರ ಕೂಡ.

ಅದೇ ಮನುಷ್ಯ, ಬೇರೆ ನೆಲ

ಈ ಮೂರನೇ ಕಾರಣ ನಿಜಾನಾ ಅಂತ ಪರೀಕ್ಷೆ ಮಾಡಬೇಕಲ್ಲ? ಹಾಗಾದರೆ ಹರಳು ಅಗೆಯೋಕೆ ಅಂತಲೇ ಹುಟ್ಟಿದ, ಇನ್ನೂ ಕಠಿಣ ಜಾಗದ ಇನ್ನೊಂದು ಊರು ನೋಡೋಣ. ಆಸ್ಟ್ರೇಲಿಯಾದ ಕೂಬರ್ ಪೀಡಿ. ಅಡಿಲೇಡ್ ನಗರದಿಂದ ಉತ್ತರಕ್ಕೆ ಸುಮಾರು 850 ಕಿಲೋಮೀಟರ್, ಮರವೇ ಇಲ್ಲದ ಮರಳುಗಾಡು. 1915ರ ಫೆಬ್ರವರಿ 1ರಂದು ಚಿನ್ನ ಹುಡುಕುತ್ತಾ ಬಂದಿದ್ದ ತಂಡವೊಂದರಲ್ಲಿದ್ದ 14 ವರ್ಷದ ಹುಡುಗ ವಿಲ್ಲಿ ಹಚಿಸನ್‌ಗೆ ಅಲ್ಲಿ ಓಪಲ್ ಕಲ್ಲು ಸಿಕ್ಕಿತು. ಓಪಲ್ ಅಂದ್ರೆ ಒಳಗೆ ಬಣ್ಣಬಣ್ಣದ ಕಿಡಿ ಹೊಳೆಯುವ ಹರಳು. ನಮ್ಮ ಜ್ಯೋತಿಷಿಗಳು ಶುಕ್ರನಿಗೆ ಅಂತ ಹೇಳೋದು ಇದನ್ನೇ.

ಬಂದವರಿಗೆ ಕಟ್ಟೋಕೆ ಮರ ಇಲ್ಲ, ಕುಡಿಯೋಕೆ ನೀರಿಲ್ಲ. ಬೇಸಿಗೆಯಲ್ಲಿ ಬಿಸಿಲು 45 ಡಿಗ್ರಿ ದಾಟುತ್ತೆ. ಮೊದಲನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರು ಕೆಲವರು ಅಲ್ಲಿ ಸೇರಿಕೊಂಡರು. ಕಂದಕದಲ್ಲಿ ಬದುಕಿ ಅಭ್ಯಾಸ ಇದ್ದವರು. ಗುಡ್ಡದ ಮಗ್ಗುಲನ್ನು ಕೊರೆದು ಒಳಗೇ ಮಲಗಿದರು. ಅದೇ ಇವತ್ತಿನ "ಡಗ್‌ಔಟ್" ಮನೆಗಳಿಗೆ ಮೂಲ.

ಇಲ್ಲಿ ನನ್ನ ಓದು ಸ್ವಲ್ಪ ಕೆಲಸಕ್ಕೆ ಬರುತ್ತೆ, ಎರಡು ನಿಮಿಷ ಸಹಿಸಿಕೊಳ್ಳಿ. ತಗಡಿನ ಶೀಟು ತೆಳು. ಬಿಸಿಲು ಬಿದ್ದ ಕ್ಷಣ ಕಾಯುತ್ತೆ, ರಾತ್ರಿ ಆದ ಕ್ಷಣ ತಣ್ಣಗಾಗುತ್ತೆ. ಅದರ ಕೆಳಗಿದ್ದವನು ಮಧ್ಯಾಹ್ನ ಬೇಯುತ್ತಾನೆ, ರಾತ್ರಿ ನಡುಗುತ್ತಾನೆ. ಮಣ್ಣು, ಕಲ್ಲು ಹಾಗಲ್ಲ. ಶಾಖ ಅದರೊಳಗೆ ನಿಧಾನ ನಡೆಯುತ್ತೆ. ಹಗಲಿನ ಬಿಸಿ ಅರ್ಧ ಮೀಟರ್ ಇಳಿಯುವಷ್ಟರಲ್ಲಿ ರಾತ್ರಿ ಬಂದಿರುತ್ತೆ. ಕೆಲವು ಮೀಟರ್ ಕೆಳಗೆ ಹೋದರೆ ಬೇಸಿಗೆ, ಚಳಿಗಾಲ ಎರಡೂ ಮುಟ್ಟಲ್ಲ. ಅಲ್ಲಿ ಇಡೀ ವರ್ಷದ ಸರಾಸರಿ ತಾಪಮಾನ ಮಾತ್ರ ಇರುತ್ತೆ. ಉತ್ತರ ಕರ್ನಾಟಕದಲ್ಲಿ ಜೋಳ ತುಂಬುತ್ತಿದ್ದ ಹಗೇವು ನೋಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕೂಬರ್ ಪೀಡಿಯ ಮನೆಯೊಳಗೆ ಎಸಿ ಇಲ್ಲದೆ ಹೆಚ್ಚುಕಡಿಮೆ 23ರಿಂದ 25 ಡಿಗ್ರಿ. ಹೊರಗೆ 45 ಇದ್ದರೂ ಅಷ್ಟೇ.

ಅಲ್ಲಿನ ಮರಳುಗಲ್ಲು ಕೊರೆಯೋಕೆ ಮೆತ್ತಗೆ, ಆದರೆ ಕಂಬ ಇಲ್ಲದೆ ನಿಲ್ಲುವಷ್ಟು ಗಟ್ಟಿ. ಮೊದಲು ಪಿಕಾಸಿಯಲ್ಲಿ ಕೆತ್ತುತ್ತಿದ್ದರು, ಈಗ ಸುರಂಗ ಕೊರೆಯುವ ಯಂತ್ರ ಇದೆ. ಊರಿನ ಸುಮಾರು ಅರ್ಧ ಜನ ಇವತ್ತಿಗೂ ನೆಲದ ಕೆಳಗೇ ಇದ್ದಾರೆ. ಮಲಗುವ ಕೋಣೆ, ಹಾಲ್, ಪುಸ್ತಕದ ಗೂಡು, ಎಲ್ಲ ಕಲ್ಲಿನಲ್ಲೇ. ನೆಲದಡಿ ಚರ್ಚ್ ಇದೆ, ಹೋಟೆಲ್ ಇದೆ. ಕುಡಿಯುವ ನೀರು ಊರಾಚೆಯ ಬೋರ್‌ವೆಲ್ಲಿಂದ ಬರುತ್ತೆ, ಅದರ ಉಪ್ಪು ತೆಗೆದು ಪೈಪಿನಲ್ಲಿ ಕೊಡುತ್ತಾರೆ. ಮನೆಗೆ ಇನ್ನೊಂದು ಕೋಣೆ ಬೇಕು ಅಂತ ಗೋಡೆ ಕೊರೆದವರಿಗೆ ಓಪಲ್ ಸಿಕ್ಕಿ, ಕೋಣೆಯ ಖರ್ಚು ಹುಟ್ಟಿದ ಕಥೆಗಳೂ ಇವೆ.

ಎಲ್ಲರಿಗೂ ಸಮಪಾಲು ಸಿಕ್ಕಿತು ಅಂತ ನಾನು ಹೇಳ್ತಿಲ್ಲ. ಆ ನೆಲ ಮೂಲನಿವಾಸಿಗಳದ್ದು. 1946ರಲ್ಲಿ ಅಲ್ಲಿ ಎರಡನೇ ಬಾರಿಗೆ ಓಪಲ್ ಗಲಾಟೆ ಎದ್ದದ್ದೂ ಟಾಟಿ ಬ್ರಯಂಟ್ ಅನ್ನುವ ಮೂಲನಿವಾಸಿ ಹೆಂಗಸಿಗೆ ಸಿಕ್ಕ ಕಲ್ಲಿನಿಂದ. ಆದರೂ ಊರಿನ ಹೆಸರು ಮಾಡಿದವರು ಹೊರಗಿನಿಂದ ಬಂದವರು.

ಇನ್ನೊಂದು ಊರು, ಸಿಡ್ನಿಯ ವಾಯವ್ಯಕ್ಕಿರುವ ಲೈಟ್ನಿಂಗ್ ರಿಡ್ಜ್. ಕಪ್ಪು ಓಪಲ್‌ಗೆ ಜಗತ್ತಿಗೇ ಹೆಸರಾದದ್ದು. ಅಲ್ಲಿ "ಕ್ಯಾಂಪ್" ಇದೆ. ಹಳೇ ಬಸ್ಸು, ಕ್ಯಾರವಾನ್, ತಗಡು, ಬಾಟಲಿ, ಸಿಕ್ಕಿದ ಕಲ್ಲು, ಎಲ್ಲ ಸೇರಿಸಿ ಕಟ್ಟಿದ ಮನೆಗಳು. ಊರಿನ ಬೋರ್ಡಿನಲ್ಲಿ ಜನಸಂಖ್ಯೆ ಇರಬೇಕಾದ ಕಡೆ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ. ಗಣಿಗಳ ನಡುವೆ ಯಾರು ಬಂದರು, ಯಾರು ಹೋದರು, ಲೆಕ್ಕ ಇಟ್ಟವರಾರು? ಹಳೇ ಕಾರಿನ ಬಾಗಿಲುಗಳಿಗೆ ಬಣ್ಣ ಬಳಿದು ದಾರಿ ತೋರಿಸಲು ನೆಟ್ಟಿದ್ದಾರೆ.

ನೋಡೋಕೆ ಇದೂ ಗುಜರಿ ಮನೆಯೇ. ಇಲಕಾಕದ ಗುಡಿಸಲಿಗೂ ಇದಕ್ಕೂ ಫೋಟೋದಲ್ಲಿ ಬಹಳ ವ್ಯತ್ಯಾಸ ಕಾಣಲ್ಲ. ವ್ಯತ್ಯಾಸ ಇರೋದು ಒಂದು ಕಾಗದದಲ್ಲಿ. ಇಲ್ಲಿ ಒಬ್ಬ ಸಾಮಾನ್ಯ ಮನುಷ್ಯ 50 ಮೀಟರ್‌ಗೆ 50 ಮೀಟರ್‌ವರೆಗಿನ ಜಾಗವನ್ನು ತನ್ನ ಹೆಸರಿಗೆ ನೋಂದಾಯಿಸಿಕೊಂಡು ಅಗೆಯಬಹುದು. ಆ ಗಡಿಯೊಳಗೆ ಸಿಕ್ಕ ಕಲ್ಲು ಅವನದ್ದು. ಇನ್ನೊಬ್ಬ ಬಂದು ಎಬ್ಬಿಸುವಂತಿಲ್ಲ. ಕಲ್ಲು ಮುಗಿದ ಮೇಲೆ ಗುಂಡಿ ಮುಚ್ಚಿ ಜಾಗ ಸರಿಮಾಡುವ ಹೊಣೆಯೂ ಅವನದ್ದೇ. ಆ ಬಸ್ಸಿನ ಮನೆಗೆ ಸೋಲಾರ್ ಫಲಕ ಬರುತ್ತೆ, ನೀರಿನ ಟ್ಯಾಂಕ್ ಬರುತ್ತೆ, ಮುಂದೆ ಒಂದು ಗಿಡವೂ ಬರುತ್ತೆ. ಯಾಕೆ? ಮುಂದಿನ ವರ್ಷವೂ ತಾನು ಇಲ್ಲೇ ಇರ್ತೀನಿ ಅನ್ನೋ ನಂಬಿಕೆ ಅವನಿಗಿದೆ.

ಶ್ರೀಲಂಕಾದಲ್ಲೂ ಇಂಥದ್ದೇ ಒಂದು ವ್ಯವಸ್ಥೆ. ರತ್ನಪುರದ ಕಡೆ ಗದ್ದೆಯಲ್ಲೇ ಗುಂಡಿ ತೋಡುತ್ತಾರೆ, ಆದರೆ ಲೈಸೆನ್ಸ್ ಇದೆ. ಗುಂಡಿಯ ಗೋಡೆಗೆ ಮರದ ಕಟ್ಟು ಕೊಡುತ್ತಾರೆ. ಜಮೀನಿನವನಿಗೆ, ಪಂಪಿನವನಿಗೆ, ಆಳುಗಳಿಗೆ ಇಷ್ಟಿಷ್ಟು ಅಂತ ಪಾಲಿನ ರೂಢಿ ಇದೆ. ಗುಂಡಿಯ ಮೇಲಿನ ಸೋಗೆ ಚಪ್ಪರ ಕೆಲಸಕ್ಕೆ ಮಾತ್ರ. ಸಂಜೆ ಆದರೆ ಬಹುಪಾಲು ಆಳುಗಳು ಹೋಗೋದು ತಮ್ಮ ತಮ್ಮ ಊರಿನ ಮನೆಗೆ. ಅವರೂ ಶ್ರೀಮಂತರಲ್ಲ. ಆದರೆ ಗುಂಡಿಯ ಪಕ್ಕದಲ್ಲಿ ಮಕ್ಕಳನ್ನು ಮಲಗಿಸುವ ಗತಿ ಬಂದಿಲ್ಲ.

ಮಣ್ಣಿನ ಗುಡ್ಡದ ಕೆಳಗೆ

ಕಾಗದ ಇಲ್ಲದಿದ್ದರೆ ಎಲ್ಲಿಯವರೆಗೆ ಹೋಗಬಹುದು? ಮ್ಯಾನ್ಮಾರ್‌ನ ಕಚಿನ್ ರಾಜ್ಯದ ಪಾಕಾಂತ್. ಚೀನಾದವರಿಗೆ ಪ್ರಾಣವಾದ ಜೇಡ್ ಅನ್ನುವ ಹಸಿರು ಕಲ್ಲು ಅಲ್ಲಿಯದು. ಗ್ಲೋಬಲ್ ವಿಟ್ನೆಸ್ ಸಂಸ್ಥೆ 2015ರಲ್ಲಿ ಒಂದು ವರದಿ ಕೊಟ್ಟಿತು. 2014ರ ಒಂದೇ ವರ್ಷ ಅಲ್ಲಿ ತೆಗೆದ ಜೇಡ್‌ನ ಬೆಲೆ 3,100 ಕೋಟಿ ಡಾಲರ್‌ವರೆಗೂ ಇರಬಹುದು, ಅದು ದೇಶದ ಜಿಡಿಪಿಯ ಅರ್ಧದ ಹತ್ತಿರ, ಅಂತ ಅದರ ಅಂದಾಜು. ಆಗ ಲೈಸೆನ್ಸ್ ದೊಡ್ಡ ಕಂಪನಿಗಳದ್ದಾಗಿತ್ತು. ಬಹಳಷ್ಟರ ಹಿಂದೆ ಸೇನೆಯ ನಂಟಿನವರಿದ್ದರು.

ಕಂಪನಿಗಳ ಯಂತ್ರ ಗುಡ್ಡ ಕಡಿದು ಮಣ್ಣನ್ನು ಲಾರಿಯಲ್ಲಿ ತಂದು ಸುರಿಯುತ್ತೆ. ಆ ತ್ಯಾಜ್ಯದಲ್ಲಿ ತಪ್ಪಿ ಉಳಿದ ಜೇಡ್ ಚೂರು ಆರಿಸೋಕೆ ದೇಶದ ಮೂಲೆಮೂಲೆಯಿಂದ ಬಂದ ಲಕ್ಷಾಂತರ ಬಡವರಿದ್ದಾರೆ. ಲಾರಿ ಹಗಲೂ ಸುರಿಯುತ್ತೆ, ರಾತ್ರಿಯೂ ಸುರಿಯುತ್ತೆ. ಮೊದಲು ಓಡಿ ಹೋದವನಿಗೆ ಕಲ್ಲು. ಹಾಗಾದರೆ ಗುಡಿಸಲು ಎಲ್ಲಿ ಹಾಕ್ತಾರೆ ಹೇಳಿ? ಆ ಮಣ್ಣಿನ ಗುಡ್ಡದ ಬುಡದಲ್ಲೇ.

ಕಣದಲ್ಲಿ ರಾಗಿ ಸುರಿದು ನೋಡಿದ್ದೀರಾ? ರಾಶಿ ಒಂದು ಇಳಿಜಾರಿನವರೆಗೆ ಏರುತ್ತೆ. ಆಮೇಲೆ ಎಷ್ಟು ಸುರಿದರೂ ಕಡಿದಾಗಲ್ಲ, ಜಾರಿ ಅಗಲವಾಗುತ್ತೆ. ಸಡಿಲ ಮಣ್ಣಿಗೂ ಅದೇ ಮಿತಿ. ಅದನ್ನು ಮೀರಿ ಸುರಿದರೆ ಜಾರೋದು ಖಂಡಿತ, ಯಾವಾಗ ಅನ್ನೋದಷ್ಟೇ ಪ್ರಶ್ನೆ. ಮಳೆ ಬಂದರೆ ಇನ್ನೂ ಕೆಟ್ಟದ್ದು. ಕಣಗಳ ನಡುವೆ ನೀರು ಸೇರಿ, ಒಂದನ್ನೊಂದು ಹಿಡಿದಿದ್ದ ಹಿಡಿತ ಬಿಡಿಸುತ್ತೆ. ಗುಡ್ಡ ಗುಡ್ಡವಾಗಿ ಇರಲ್ಲ, ಗಂಜಿಯ ಹಾಗೆ ಹರಿಯುತ್ತೆ. ಇದು ಸಿವಿಲ್ ಇಂಜಿನಿಯರಿಂಗ್‌ನ ಎರಡನೇ ವರ್ಷದ ಪಾಠ. ಸುರಿದ ಕಂಪನಿಗಳ ಇಂಜಿನಿಯರುಗಳಿಗೆ ಗೊತ್ತಿರಲಿಲ್ಲ ಅಂತ ನಾನು ನಂಬಲ್ಲ.

2015ರ ನವೆಂಬರ್ 21, ಇನ್ನೂ ಬೆಳಕು ಹರಿದಿರಲಿಲ್ಲ. ಅಂಥ ಒಂದು ಗುಡ್ಡ ಜಾರಿ ಕೆಳಗಿನ ಗುಡಿಸಲುಗಳ ಮೇಲೆ ಬಿತ್ತು. ನೂರಕ್ಕೂ ಹೆಚ್ಚು ಜನ ಸತ್ತರು. ಬಹಳ ಜನ ಮಲಗಿದ್ದಲ್ಲೇ. 2020ರ ಜುಲೈ 2ರಂದು ಮಳೆಯಲ್ಲಿ ಇನ್ನೊಂದು ಕುಸಿತ. ಗಣಿಯ ಹೊಂಡದಲ್ಲಿ ನಿಂತಿದ್ದ ನೀರಿಗೆ ಮಣ್ಣು ಬಿದ್ದು ಕೆಸರಿನ ಅಲೆಯೇ ಎದ್ದಿತು. 170ಕ್ಕೂ ಹೆಚ್ಚು ಜನ ಹೋದರು. ಸತ್ತವರಲ್ಲಿ ಎಷ್ಟೋ ಜನ ಯಾವ ಊರಿನವರು, ಯಾರ ಮಕ್ಕಳು ಅಂತ ಗೊತ್ತಾಗೋದೇ ಕಷ್ಟ. ಅವರು ಅಲ್ಲಿದ್ದರು ಅನ್ನೋಕೆ ಯಾವ ರಿಜಿಸ್ಟರ್‌ನಲ್ಲೂ ಹೆಸರಿಲ್ಲ. ಗುಡಿಸಲಿಗೆ ನಂಬರ್ ಇಲ್ಲದಿದ್ದರೆ ಸಾವಿಗೂ ಲೆಕ್ಕ ಇಲ್ಲ.

ನಮ್ಮ ಗಡಿಯಾಚೆ, ಮುಂಗಾರಿಗೆ

ಇದೆಲ್ಲ ದೂರದ ಮಾತು ಅನಿಸಿತಾ? ಮುಂಗಾರಿನ ಮೊದಲ ಮಳೆ ಬೀಳಲಿ, ಆಂಧ್ರದ ಕರ್ನೂಲು ಜಿಲ್ಲೆಯ ಜೊನ್ನಗಿರಿ, ತುಗ್ಗಲಿ ಕಡೆ ಹೋಗಿ ನೋಡಿ. ಮಳೆ ಮೇಲ್ಮಣ್ಣು ತೊಳೆದಾಗ ಹೊಲದಲ್ಲಿ ವಜ್ರ ಹೊಳೆಯುತ್ತೆ ಅಂತ ಜನ ಸೇರುತ್ತಾರೆ. ನಮ್ಮ ಬಳ್ಳಾರಿ ಕಡೆಯಿಂದಲೂ ಹೋಗುತ್ತಾರೆ. ಮನೆಮಂದಿ ಎಲ್ಲ ಬುತ್ತಿ ಕಟ್ಟಿಕೊಂಡು, ಕೆಲವರು ಸಾಲ ಮಾಡಿಕೊಂಡು. ಮರದ ಕೆಳಗೆ, ಗುಡಿಯ ಜಗಲಿಯಲ್ಲಿ, ಟಾರ್ಪಾಲಿನ ಡೇರೆಯಲ್ಲಿ ವಾರಗಟ್ಟಲೆ ಮಲಗುತ್ತಾರೆ. ಬಿತ್ತನೆ ಹೊಲ ತುಳಿದರು ಅಂತ ರೈತರ ಸಿಟ್ಟು ಬೇರೆ. ಸಿಕ್ಕವರು ಗುಟ್ಟಾಗಿ ವ್ಯಾಪಾರಿಗೆ ಮಾರುತ್ತಾರೆ. ಗುಟ್ಟಿನ ವ್ಯಾಪಾರದಲ್ಲಿ ಬೆಲೆ ಹೇಳುವವನು ಯಾರು? ಕೊಳ್ಳುವವನು. ಇಲಕಾಕದಲ್ಲೂ ಹೀಗೇ.

ಪ್ರತಿ ವರ್ಷ ನಮ್ಮ ಚಾನೆಲ್‌ಗಳು ಇದನ್ನು ತೋರಿಸುತ್ತವೆ. "ರಾತ್ರೋರಾತ್ರಿ ಕೋಟ್ಯಧಿಪತಿ!" ಅಂತ ದೊಡ್ಡ ಅಕ್ಷರ. ನಾನೂ ಓದಿದ್ದೀನಿ. ಆ ಡೇರೆಯ ಕಡೆ ಕ್ಯಾಮೆರಾ ತಿರುಗಿಸಿ ಅಂತ ನಾನು ಒಂದು ಸಲವೂ ಹೇಳಲಿಲ್ಲ. ಆ ತಪ್ಪು ನನ್ನದೇ.

ನಮ್ಮ ದೇಶದಲ್ಲೇ ಬೇರೆ ದಾರಿಯೂ ಇದೆ. ಮಧ್ಯಪ್ರದೇಶದ ಪನ್ನಾದಲ್ಲಿ ಸರ್ಕಾರ 8 ಮೀಟರ್‌ಗೆ 8 ಮೀಟರ್ ತುಂಡು ನೆಲವನ್ನು ಅಲ್ಪ ಶುಲ್ಕಕ್ಕೆ ಗುತ್ತಿಗೆ ಕೊಡುತ್ತೆ. ಸಿಕ್ಕ ವಜ್ರವನ್ನು ಸರ್ಕಾರದ ವಜ್ರ ಕಚೇರಿಗೆ ಒಪ್ಪಿಸಬೇಕು. ಅಲ್ಲಿ ತೂಕ, ಬಹಿರಂಗ ಹರಾಜು. ರಾಯಧನ ಮತ್ತು ತೆರಿಗೆ ಕಳೆದು ಮಿಕ್ಕಿದ್ದು ಸಿಕ್ಕವನಿಗೆ. 2024ರ ಜುಲೈಯಲ್ಲಿ ಅಲ್ಲಿನ ಒಬ್ಬ ಆದಿವಾಸಿ ಕೂಲಿಯವನಿಗೆ 19.22 ಕ್ಯಾರೆಟ್‌ನ ವಜ್ರ ಸಿಕ್ಕಿತು, ಬೆಲೆ ಸುಮಾರು 80 ಲಕ್ಷ ರೂಪಾಯಿ ಅಂತ ಅಂದಾಜು. ಇಡೀ ದೇಶಕ್ಕೆ ಗೊತ್ತಾಗುವ ಹಾಗೆ ಅವನು ಅದನ್ನು ಕಚೇರಿಗೆ ಕೊಂಡೊಯ್ದ. ಬಚ್ಚಿಡುವ ಅಗತ್ಯ ಇರಲಿಲ್ಲ. ಕಾಗದ ಮಾಡುವ ಕೆಲಸ ಅದು. ಪನ್ನಾ ಸ್ವರ್ಗ ಅಂತಲ್ಲ. ಬಹಳ ಜನ ವರ್ಷಗಟ್ಟಲೆ ಅಗೆದು ಏನೂ ಸಿಗದೆ ಬರಿಗೈಯಲ್ಲಿದ್ದಾರೆ. ಅದೃಷ್ಟ ಕೊಡೋದು ಸರ್ಕಾರದ ಕೈಯಲ್ಲಿಲ್ಲ. ಆದರೆ ಸಿಕ್ಕಿದ್ದು ಸಿಕ್ಕವನ ಕೈಯಲ್ಲಿ ಉಳಿಯೋ ಹಾಗೆ ಮಾಡೋದು ಅದರ ಕೈಯಲ್ಲಿದೆ.

ನಾನು ಹೇಳೋಕೆ ಬಂದಿದ್ದು ಇಷ್ಟೇ. ಹರಳು ಸಿಗುವ ಕಡೆ ಗುಡಿಸಲು ಇರೋದು ಪ್ರಕೃತಿ ನಿಯಮ ಅಲ್ಲ. ಕೂಬರ್ ಪೀಡಿಯ ಮರಳುಗಾಡು ಇಲಕಾಕಕ್ಕಿಂತ ಕಠಿಣ. ಅಲ್ಲೂ ಮೊದಲು ಬಂದವರು ಬಡವರೇ, ಅವರೂ ಗುದ್ದಲಿ ಹಿಡಿದು ಬಂದವರೇ. ಅಗೆಯುವ ಹಕ್ಕು, ಮಲಗುವ ಹಕ್ಕು, ಎದುರಿಗೆ ತೂಗಿಸುವ ಹಕ್ಕು, ಈ ಮೂರು ಸಿಕ್ಕಲ್ಲಿ ಬಿಲ ಕೂಡ ಮನೆಯಾಯಿತು. ಸಿಗದ ಕಡೆ ಇಪ್ಪತ್ತೈದು ವರ್ಷ ಕಳೆದರೂ ಟಾರ್ಪಾಲ್ ಟಾರ್ಪಾಲಾಗೇ ಇದೆ.

ಮೊನ್ನೆ ಆ ಉಂಗುರದ ಅಂಗಡಿಗೆ ಮತ್ತೆ ಹೋಗಿದ್ದೆ. "ಈ ಕಲ್ಲು ಯಾವ ಗಣಿಯದ್ದು, ಕಾಗದ ಏನಾದರೂ ಇದ್ಯಾ?" ಅಂತ ಕೇಳಿದೆ. ಅವರಿಗೆ ನಗು. "ಹತ್ತಾರು ವರ್ಷದಿಂದ ಅಂಗಡಿ ನಡೆಸ್ತಿದ್ದೀನಿ ಸರ್, ಇದನ್ನ ಕೇಳಿದವರು ನೀವೇ ಮೊದಲು" ಅಂದ್ರು. ದೊಡ್ಡ ಕಲ್ಲುಗಳಿಗೆ ಮೂಲ ಯಾವ ದೇಶ ಅಂತ ಲ್ಯಾಬ್‌ಗಳು ಹೇಳುತ್ತವೆ, ನನ್ನಂಥ ಸಣ್ಣ ಹರಳಿಗೆ ಯಾರೂ ಆ ಖರ್ಚು ಮಾಡಲ್ಲ. ಮನೆಗೆ ಬಂದು ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಟಾರ್ಪಾಲಿನ ಫೋಟೋಗಳನ್ನೂ ತೋರಿಸಿದೆ. ಅಮ್ಮ ಬಹಳ ಹೊತ್ತು ನೋಡಿದರು. "ಉಂಗುರ ತೆಗೆದಿಟ್ಟರೆ ಅವರಿಗೇನು ಬಂತು? ಹಾಕ್ಕೊಂಡೇ ಇರು, ಕೇಳ್ತಾನೂ ಇರು" ಅಂದ್ರು.

ಕೇಳ್ತಾ ಇದ್ದೀನಿ. ಮುಂದಿನ ಸಲ ಹರಳು ಕೊಳ್ಳೋಕೆ ಹೋದಾಗ ನೀವೂ ಕೇಳಿ. ಎರಡನೆಯವರು ನೀವಾಗಿ.